ಅಪ್ಪನ ಮುಂದಿನ ಹಲ್ಲು

ನಮ್ಮ ಮನೆಯಲ್ಲಿ ದಿನವೂ ಎರಡು ಸಾರು ಕುದಿಯುತ್ತಿದ್ದವು. ಒಂದು ನಮಗೆ, ಒಂದು ಅಪ್ಪನ ಬಾಯಿಗೆ. ಅಪ್ಪನಿಗೆ ಎಂದು ಬರೆಯಬಹುದಿತ್ತು, ಆದರೆ ಸುಳ್ಳಾಗುತ್ತದೆ. ಆ ಮನೆಯ ಯಜಮಾನಿಕೆ ಇದ್ದದ್ದು ಅಪ್ಪನಿಗಲ್ಲ, ಅಪ್ಪನ ಬಾಯಿಗೆ. ಅವನು ತುತ್ತೂರಿ ಊದುವವನು. ನಾಟಕದ ಕಂಪನಿಯವರು ಕರೆದರೆ ಪರದೆಯ ಪಕ್ಕದಲ್ಲಿ ಕೂತು ಊದುವುದು, ಮದುವೆಯವರು ಕರೆದರೆ ಕುದುರೆಯ ಮುಂದೆ ನಡೆಯುತ್ತಾ ಊದುವುದು, ಯಾರೋ ದೊಡ್ಡ ಮನುಷ್ಯರು ಬಂದರೆ ಊರಬಾಗಿಲಲ್ಲಿ ಬಿಸಿಲಿಗೆ ನಿಂತು ಊದುವುದು. ಹಾಡು ಯಾವತ್ತೂ ಇನ್ನೊಬ್ಬರದು. ರಾಜನ ಪಾರ್ಟಿನವನ ಹೆಸರು ತೊಟ್ಟಿಲ ಕೂಸಿಗೂ ಗೊತ್ತಿರುತ್ತಿತ್ತು, ಆ ರಾಜ ಬರುತ್ತಾನೆಂದು ಸಾರಿದವನ ಹೆಸರು ಮಾತ್ರ ಯಾರಿಗೂ ಬೇಕಿರಲಿಲ್ಲ. "ತುತ್ತೂರಿಯೋನ ಮಗಳಲ್ವೇನೇ ನೀನು?" ಎಂದು ಬಾವಿಕಟ್ಟೆಯಲ್ಲಿ ಕೇಳುತ್ತಿದ್ದರು. ಅವನ ಹೆಸರು ಓಬಳಪ್ಪ. ನನಗೆ ಈಗ ಅದನ್ನು ಬರೆಯುವುದರಲ್ಲೇ ಒಂದು ಹಟವಿದೆ.

ನಮ್ಮೂರು ಮೊಳಕಾಲ್ಮೂರಿನಲ್ಲಿ ಮೆಣಸಿನಕಾಯಿ ಇಲ್ಲದ ಊಟವನ್ನು ಊಟವೆಂದು ಒಪ್ಪುವವರೇ ಇಲ್ಲ. ಮುದ್ದೆಯ ಜೊತೆ ಕಣ್ಣಲ್ಲಿ ನೀರು ಬರಬೇಕು, ಆಗಲೇ ಉಂಡ ಹಾಗೆ. ಆದರೆ ಖಾರ ತಾಗಿದರೆ ತುಟಿ ಉರಿದು ಊದುವುದಕ್ಕೆ ಹಿಡಿತ ಸಿಕ್ಕುವುದಿಲ್ಲವೆಂದು ಅಪ್ಪನಿಗೆ ಬರೀ ಬೇಳೆ ಬೆಂದ ನೀರಿಗೆ ಉಪ್ಪು ಹಾಕಿದ ಸಾರು. ಎಲೆಗೆ ಸುಣ್ಣ ಹಚ್ಚುವಂತಿಲ್ಲ, ಬಾಯಿ ಬೇಯುತ್ತದೆ. ಕಬ್ಬು ಸಿಗಿಯುವಂತಿಲ್ಲ, ಹುರಿಗಡಲೆ ಕಡಿಯುವಂತಿಲ್ಲ. ಬಿಸಿ ಇದ್ದದ್ದನ್ನು ಆರಿಸಿಯೇ ಕೊಡಬೇಕು. ಮನೆಗೆ ಎಲ್ಲಿಂದಲೋ ಒಂದು ಉಂಡೆ ಬೆಣ್ಣೆ ಬಂದರೆ ಅದು ನೇರವಾಗಿ ಅಪ್ಪನ ತುಟಿಗೆ. ಬಯಲುನಾಡಿನ ಒಣಗಾಳಿಗೆ ತುಟಿ ಒಡೆದರೆ ಮುಗಿಯಿತಲ್ಲ! ನಾನು ಒಬ್ಬಳೇ ಮಗಳು, ಮುದ್ದಿನವಳು ಎಂದು ನೆರೆಯವರು ಹೇಳುತ್ತಿದ್ದರು. ಎಷ್ಟು ಮುದ್ದೆಂದರೆ ಬೆಣ್ಣೆ ಹಚ್ಚಿದ ಮೇಲೆ ಅವ್ವ ತನ್ನ ಬೆರಳನ್ನು ನನಗೆ ನೆಕ್ಕಲು ಕೊಡುತ್ತಿದ್ದಳು. ನನ್ನ ಬಾಲ್ಯದ ಬೆಣ್ಣೆಯೆಲ್ಲ ಅಷ್ಟೇ.

ಮನೆ ಎಂದರೆ ಮಣ್ಣಿನ ಮಾಳಿಗೆಯ ಎರಡು ಅಂಕಣ. ಒಂದರಲ್ಲಿ ಒಲೆ, ಕಾಳಿನ ಗುಡಾಣ, ಅಜ್ಜಿಯ ಕಂಬಳಿ. ಇನ್ನೊಂದು ಪಡಸಾಲೆ. ಅದರ ಗೋಡೆಯ ಗೂಡಿನಲ್ಲಿ ಮನೆದೇವಿ ಮಾರವ್ವ ಇದ್ದಳು. ಮೂರ್ತಿ ಅಲ್ಲ, ಅರಿಶಿನ ಮೆತ್ತಿದ ಒಂದು ಕಲ್ಲು, ಅದಕ್ಕೆರಡು ಬೆಳ್ಳಿಯ ಕಣ್ಣು. ಗೂಡಿನ ಪಕ್ಕದ ಗೂಟದಲ್ಲಿ ಅಪ್ಪನ ತುತ್ತೂರಿ. ಮೂರು ಗುಂಡಿಯ ಹಿತ್ತಾಳೆಯದು, ಬಳ್ಳಾರಿಯ ದಂಡಿನ ಬ್ಯಾಂಡಿನವನೊಬ್ಬ ಊರು ಬಿಡುವಾಗ ಅಪ್ಪನಿಗೆ ಕೊಟ್ಟುಹೋದದ್ದು. ನಮ್ಮ ಕೇರಿಯೆಲ್ಲ ಸೀರೆ ನೇಯುವವರದ್ದು. ಬೆಳಗಾದರೆ ಮಗ್ಗದ ಕುಣಿಗಳಿಂದ ಲಟಕು ಲಟಕು ಎಂಬ ಸದ್ದು. ಅವ್ವ ಆ ಮನೆಗಳಿಂದ ರೇಷ್ಮೆ ತಂದು ರಾಟೆಯಲ್ಲಿ ಕಂಡಿಕೆಗೆ ಸುತ್ತಿ ಕೊಡುತ್ತಿದ್ದಳು. ಅಪ್ಪ ವರ್ಷದಲ್ಲಿ ಅರ್ಧ ಊರೂರು ಅಲೆಯುವವನು. ಅವನು ಇಲ್ಲದಾಗ ಮನೆ ನಡೆಸುತ್ತಿದ್ದುದು ಆ ರಾಟೆಯೇ. ಇದನ್ನು ಅಜ್ಜಿ ಒಪ್ಪುತ್ತಿರಲಿಲ್ಲ. ಅವಳ ಪ್ರಕಾರ ಮನೆ ನಡೆಸುತ್ತಿದ್ದುದು ಗೂಡಿನಲ್ಲಿದ್ದವಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಮಾರವ್ವನ ದೊಡ್ಡ ಗುಡಿಯಿರುವ ಗೌರಸಮುದ್ರದ ಕಡೆಯಿಂದ ಬಂದವಳು, ದೇವಿಯ ಹೆಸರೆತ್ತಿದರೆ ಕೂತಲ್ಲಿಂದ ಏಳುವಂಥವಳು. ನಮ್ಮ ತಾತ ದೇವಿಯ ಮುಂದೆ ಕೊಂಬು ಊದುತ್ತಿದ್ದವನು. ಅವನ ಕಾಲದಿಂದ ಮನೆಗೊಂದು ಕಟ್ಟಳೆ ಇತ್ತು. ಎಲ್ಲಿಯೇ ಆಗಲಿ, ಯಾರಿಗಾಗಿಯೇ ಆಗಲಿ, ಊದುವ ಮೊದಲು ಒಂದು ಉಸಿರು ದೇವಿಗೆ. ನಮ್ಮಲ್ಲಿ ಅದನ್ನು ದೇವರ ಉಸಿರು ಎನ್ನುತ್ತಿದ್ದರು. ಅದು ರಾಗವಲ್ಲ, ಹಾಡಲ್ಲ. ಎದೆಯಲ್ಲಿರುವ ಗಾಳಿಯೆಲ್ಲ ಮುಗಿಯುವವರೆಗೆ ಒಂದೇ ಸ್ವರ, ಎಷ್ಟು ಜೋರಾಗುತ್ತದೋ ಅಷ್ಟು ಜೋರಾಗಿ. ಕೊಂಬಿಗೆ ಗುಂಡಿಗಳಿರುವುದಿಲ್ಲವಲ್ಲ, ಅದಕ್ಕೆ ಅಪ್ಪನೂ ತುತ್ತೂರಿಯ ಗುಂಡಿಗಳಿಂದ ಬೆರಳು ತೆಗೆದು, ಬಲಗೈಯನ್ನು ಎದೆಗೆ ಒತ್ತಿಕೊಂಡು ಅದನ್ನು ಊದುತ್ತಿದ್ದ. ಉಸಿರು ಉಳಿಸಿಕೊಂಡರೆ ಅದು ದೇವಿಗೆ ಸಲ್ಲುವುದಿಲ್ಲ. ದಿನವೂ ಬೆಳಿಗ್ಗೆ ಗೂಡಿನ ಮುಂದೆ ನಿಂತು ಅಪ್ಪ ಅದನ್ನು ಊದಿದರೆ ಪಡಸಾಲೆಯ ಮಾಳಿಗೆಯಿಂದ ಮಣ್ಣು ಉದುರುತ್ತಿತ್ತು. ಮಗ್ಗದವರು ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದುದು ಅದರಿಂದಲೇ. ನಾಟಕದ ಪರದೆಯ ಹಿಂದೆ ಅವನು ಅದನ್ನು ಊದಿದಾಗ ಜನ ಆಟ ಶುರುವಾಯಿತೆಂದು ಬೀಡಿ ಆರಿಸುತ್ತಿದ್ದರಂತೆ.

ನಮ್ಮ ನೀರು ಹಲ್ಲಿಗೆ ಒಳ್ಳೆಯದಲ್ಲ. ಇಲ್ಲಿ ಹುಟ್ಟಿದವರ ಹಲ್ಲೆಲ್ಲ ಕಂದು ಬಣ್ಣ ತಿರುಗಿ ಹೊತ್ತಿಗೆ ಮುಂಚೆ ಅಲುಗುತ್ತವೆ. ಅಪ್ಪನೋ ಕೊಂಬಿನವರ ಹಾಗೆ ತುತ್ತೂರಿಯನ್ನು ತುಟಿಗೆ ಒತ್ತಿ ಊದುವುದನ್ನು ಕಲಿತವನು. ತುತ್ತೂರಿ ಕೊಟ್ಟ ಬಳ್ಳಾರಿಯವನು, ಒತ್ತಬೇಡ, ಮುಟ್ಟಿಸು ಸಾಕು ಎಂದಿದ್ದನಂತೆ. ಬಾಲ್ಯದಲ್ಲಿ ಕಲಿತದ್ದು ಬಿಡುತ್ತದೆಯೇ? ಒಂದು ದಿನ ಊಟ ಮಾಡುತ್ತಾ ಅಪ್ಪ ನಡುವೆ ಕೈ ನಿಲ್ಲಿಸಿದ. ಮೇಲಿನ ಸಾಲಿನ ಮುಂದಿನ ಹಲ್ಲಿಗೆ ನಾಲಿಗೆ ಒತ್ತಿ ನೋಡಿದ, ಮತ್ತೆ ಒತ್ತಿದ. ಅವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಅಲುಗ್ತೈತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ನಲ್ಲೇ."

ಆ ಹಲ್ಲು ಇದ್ದರೆ ತುತ್ತೂರಿ, ಹೋದರೆ ಇಲ್ಲ. ತುಟಿಗೆ ಹಿಂದಿನಿಂದ ಆಸರೆ ಬೇಕು. ಆಸರೆ ಇಲ್ಲದ ಕಡೆ ಗಾಳಿ ಹರಿದುಹೋಗುತ್ತದೆ, ಸ್ವರ ಕಟ್ಟುವುದಿಲ್ಲ. ಅಷ್ಟು ನನಗೂ ಗೊತ್ತಿತ್ತು. ಅಂದಿನಿಂದ ಮನೆಯಲ್ಲಿ ಜಾಲಿ ಚಕ್ಕೆಯ ಕಷಾಯ, ಪಟಿಕದ ನೀರು, ಎಳ್ಳೆಣ್ಣೆ, ಯಾರು ಯಾರು ಏನೇನು ಹೇಳಿದರೋ ಅದೆಲ್ಲ. ಅಜ್ಜಿ ಗೂಡಿನ ಅರಿಶಿನ ತಂದು ಹಚ್ಚಿದಳು. ಯಾವುದರಿಂದಲೂ ಏನೂ ಆಗಲಿಲ್ಲ. ಕೊನೆಗೆ ಅವ್ವ ತನಗೆ ಗೊತ್ತಿದ್ದ ವಿದ್ಯೆಯನ್ನೇ ಮಾಡಿದಳು. ಕಂಡಿಕೆಯಿಂದ ರೇಷ್ಮೆಯ ಎಳೆ ಎಳೆದು, ತೊಡೆಯ ಮೇಲೆ ಹೊಸೆದು, ಅಪ್ಪನನ್ನು ಬೆಳಕಿಗೆ ಬಾಗಿಲಲ್ಲಿ ಕೂರಿಸಿ, ಅಲುಗುವ ಹಲ್ಲನ್ನು ಅದರ ಎರಡೂ ಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಕಟ್ಟಿದಳು. ಸೀರೆ ನೇಯುವ ಊರಿನಲ್ಲಿ ರೇಷ್ಮೆ ಎಳೆ ಕಡಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅದನ್ನು ಗಂಡನ ಬಾಯಿಗೆ ಹಾಕಿದವಳು ನಮ್ಮವ್ವ ಒಬ್ಬಳೇ ಇರಬೇಕು.

ದಿನವೂ ಬೆಳಿಗ್ಗೆ ಈ ಕಟ್ಟು ನಡೆಯುತ್ತಿತ್ತು. ಅಪ್ಪ ಬಾಯಿ ತೆರೆದು ಸೂರು ನೋಡುತ್ತಾ ಕೂರುವನು, ಅವ್ವನ ಎರಡು ಬೆರಳು ಅವನ ಬಾಯೊಳಗೆ. ಆಗ ಅವನು ಮಾತಾಡುವಂತಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಮಾತನ್ನೆಲ್ಲ ಅವ್ವ ಆ ಹೊತ್ತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಮಾಳಿಗೆಗೆ ಮಣ್ಣು ಹಾಕಿಸಬೇಕು, ಈ ಹುಡುಗಿಗೆ ಒಂದು ಲಂಗ ಬೇಕು, ಕಂಪನಿಯವರ ಜೊತೆ ಇಷ್ಟು ದಿನ ಹೊರಗಿರಬೇಡ. ಅಪ್ಪ "ಆಂ, ಆಂ" ಎನ್ನುವನು. ಅವರಿಬ್ಬರನ್ನು ಅಷ್ಟು ಹತ್ತಿರದಲ್ಲಿ ನಾನು ಬೇರೆ ಯಾವಾಗಲೂ ಕಂಡಿಲ್ಲ. ನನಗೆ ಆ ದಿನಗಳು ಸಂತೋಷದ ದಿನಗಳು ಎಂದೇ ನೆನಪು. ಹಲ್ಲು ಬೀಳುವ ಮನೆಯಲ್ಲಿ ಸಂತೋಷವೇನು ಎಂದು ಯಾರಾದರೂ ನಗಬಹುದು, ನಗಲಿ.

ಕಟ್ಟು ಬಿಗಿದ ಮೇಲೆ ಜಗಳ. ಕಟ್ಟಿದ ಹಲ್ಲಿಗೆ ದೇವರ ಉಸಿರಿನಷ್ಟು ಒತ್ತಡ ಬೇರೆ ಯಾವುದರಿಂದಲೂ ಬೀಳುತ್ತಿರಲಿಲ್ಲ. ಅದೊಂದನ್ನು ಸ್ವಲ್ಪ ದಿನ ನಿಲ್ಲಿಸಲಿ ಎಂಬುದು ಅವ್ವನ ವಾದ.

"ಹಾಡಿಗೆ ಮೆಲ್ಲಕೆ ಊದಿದ್ರೂ ನಡೀತೈತೆ ಅತ್ತೆ. ಇದೊಂದಕ್ಕೇ ಹಿಂಗೆ ಒತ್ತೋದು. ಬಾಯಿ ಉಳೀಲಿ ಅಂತೀನಿ ನಾನು."

"ಬಾಯಿ ಕೊಟ್ಟೋಳು ಯಾರು?" ಅಜ್ಜಿ ಅಪ್ಪನ ಕಡೆ ತಿರುಗಿದಳು. "ಒರೇ ಓಬಳಾ, ನಿಮ್ಮಪ್ಪ ಜ್ವರದಾಗೆ ಬಿದ್ದಾಗ್ಲೂ ಬಿಟ್ಟೋನಲ್ಲ. ಅವಳ ಉಸಿರು ಅವಳಿಗೆ ಕೊಡು, ನಿನ್ನ ಹಲ್ಲು ಅವಳು ನೋಡ್ಕಂತಾಳೆ."

"ಹಲ್ಲು ನೋಡ್ಕಂತಿರೋಳು ನಾನು," ಎಂದು ಅವ್ವ ರಾಟೆಯ ಕಡೆಗೆ ಹೇಳಿದಳು.

ಅಪ್ಪ ಗೂಟದಿಂದ ತುತ್ತೂರಿ ತೆಗೆದ. ಗೂಡಿನ ಮುಂದೆ ಹೋಗಿ ನಿಂತು, ಬೆರಳು ತೆಗೆದು, ಊದಿದ. ಅವ್ವ ರಾಟೆ ನಿಲ್ಲಿಸಿ, ಉಸಿರು ಮುಗಿಯುವವರೆಗೂ ಅವನ ಬಾಯನ್ನೇ ನೋಡುತ್ತಿದ್ದಳು. ಅಂದು ಹಲ್ಲು ನಿಂತಿತು. ದಿನವೂ ಹಾಗೆಯೇ. ಒಂದು ಹಲ್ಲಿಗಾಗಿ ಅತ್ತೆ ಸೊಸೆ ಹೀಗೆ ಎಳೆದಾಡಿದ ಮನೆ ಇನ್ನೊಂದು ಇರಲಾರದು.

ಅಂಥ ಹೊತ್ತಿನಲ್ಲಿ ಇಮಾಮ್ ಸಾಬರು ಸುದ್ದಿ ತಂದರು. ಅವರು ರಾಯದುರ್ಗದವರು, ಅಪ್ಪ ಹೋಗುತ್ತಿದ್ದ ನಾಟಕದ ಕಂಪನಿಯಲ್ಲೇ ಕ್ಲಾರಿನೆಟ್ ನುಡಿಸುವವರು, ಅಪ್ಪನಿಗೆ ಅಣ್ಣನಿಗಿಂತ ಹೆಚ್ಚು. ನಮ್ಮ ಮನೆಗೆ ಬಂದರೆ ಹೊಸಿಲ ಹೊರಗೇ ಕೂತು, ಅವ್ವ ಕೊಟ್ಟ ನೀರು ಕುಡಿದು, ಅಜ್ಜಿಯನ್ನು "ಅಮ್ಮಾ" ಎಂದು ಕರೆದು ಮಾತಾಡುತ್ತಿದ್ದರು. ಬೆಂಗಳೂರಿಗೆ ಬಿಳಿಯ ದೊರೆಯೊಬ್ಬ ಯಂತ್ರ ತಂದಿದ್ದಾನೆ, ಹಾಡನ್ನು ಹಿಡಿದು ಗ್ರಾಮಫೋನಿನ ಪ್ಲೇಟು ಮಾಡುತ್ತಾನೆ, ನಮ್ಮ ಕಂಪನಿಯ ರಾಜನ ಪಾರ್ಟಿನವನನ್ನು ಕರೆದಿದ್ದಾನೆ, ಪಕ್ಕವಾದ್ಯಕ್ಕೆ ನಾವೂ ಹೋಗಬೇಕು ಎಂದರು. ರಾಜ ರಂಗಕ್ಕೆ ಬರುವ ಹಾಡು. ಹಾಡಿಗೆ ಮುಂಚೆ ತುತ್ತೂರಿಯ ಒಂದು ಮಟ್ಟು ಇದೆ, ಅದು ಬರೀ ಅಪ್ಪನದು.

"ಓಬಳಪ್ಪ ಭಾಯಿ, ಪ್ಲೇಟು ಶುರು ಆಗೋದೇ ನಿನ್ನಿಂದ," ಎಂದರು ಇಮಾಮ್ ಸಾಬರು. "ನಾವು ಸತ್ತ ಮೇಲೂ ಕೀಲಿ ಕೊಟ್ಟರೆ ಊದ್ತಾ ಇರ್ತೀಯ."

ಅಪ್ಪ ಗೋಡೆಗೆ ಒರಗಿ ಕೂತ. ಅವನು ಹೆಚ್ಚು ಮಾತಿನವನಲ್ಲ. ಆದರೆ ಅಂದು ಊಟಕ್ಕೆ ಕೂತಾಗ ಯಾರೂ ಕೇಳದೆ ತಾನಾಗಿ ಹೇಳಿದ. ಅವನ ಅಪ್ಪನ ಕೊಂಬಿನ ದನಿ ಈಗ ತನಗೇ ನೆನಪಿಗೆ ಬರುವುದಿಲ್ಲವಂತೆ. ಬಾಯಿ, ಮುಖ, ಕೈ ಎಲ್ಲ ನೆನಪಿದೆ, ದನಿಯೊಂದು ಹೋಯಿತು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಊದಿದವರ ಒಂದು ಸ್ವರವೂ ಎಲ್ಲೂ ಉಳಿದಿಲ್ಲ. "ಈ ಹಲ್ಲು ಅಲ್ಲೀವರೆಗೆ ನಿಂತ್ರೆ ಸಾಕು. ಆಮೇಲೆ ಬೀಳ್ಲಿ," ಎಂದ. ಅವ್ವ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಹಲ್ಲು ಬಿದ್ದ ಮೇಲೆ ಕಂಪನಿ ಇಲ್ಲ, ಮದುವೆ ಇಲ್ಲ, ಆಮೇಲೆ ಉಣ್ಣುವುದೇನು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅವಳಿಗೂ ಆ ಆಸೆ ಹತ್ತಿಬಿಟ್ಟಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಹೊರಡುವವರೆಗಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅಪ್ಪನನ್ನು ನಗಿಸುವಂತಿರಲಿಲ್ಲ, ಸಿಟ್ಟಿಗೆಬ್ಬಿಸುವಂತಿರಲಿಲ್ಲ. ಅವನ ಮುದ್ದೆಯನ್ನು ಅವ್ವ ಸಾರಿನಲ್ಲಿ ಕಿವುಚಿ ಕೂಸಿಗೆ ಕೊಡುವ ಹಾಗೆ ಕೊಡುತ್ತಿದ್ದಳು. ಹಾಡಿನ ಮಟ್ಟನ್ನು ಅವನು ತುತ್ತೂರಿ ಮುಟ್ಟದೆ ಬರೀ ಬೆರಳಿನಲ್ಲಿ ತೊಡೆಯ ಮೇಲೆ ಸಾಧನೆ ಮಾಡಿದ. ಬೆಳಗಿನ ದೇವರ ಉಸಿರು ಮಾತ್ರ ತಪ್ಪಲಿಲ್ಲ, ಜಗಳವೂ ತಪ್ಪಲಿಲ್ಲ. ಹೊರಟ ದಿನ ಅವ್ವ ಹೊಸದಾಗಿ ಕಟ್ಟಿದಳು, ಮೂರು ಎಳೆಗೆ ಬದಲು ಐದೆಳೆ ಹೊಸೆದು. ಒಂದು ಕಂಡಿಕೆ ರೇಷ್ಮೆಯನ್ನು ಇಮಾಮ್ ಸಾಬರ ಕೈಗೆ ಕೊಟ್ಟು, ಕಟ್ಟುವುದು ಹೇಗೆಂದು ತನ್ನ ಎರಡು ಬೆರಳುಗಳಿಗೇ ಕಟ್ಟಿ ತೋರಿಸಿದಳು. ಗಾಡಿಯ ಹತ್ತಿರ, ಅಜ್ಜಿ ಇನ್ನೂ ಬಾಗಿಲಲ್ಲಿ ಇರುವಾಗ, ಅಪ್ಪನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

"ಅಲ್ಲಿ ಒಂದು ದಿನ ದೇವರ ಉಸಿರು ಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಹಾಡಿಗೆ ಮೊದ್ಲು ಊದ್ರಿ, ಆಮೇಲೆ ಬೇಕಾದ್ರೆ ಅವಳಿಗೆ ಊದ್ರಿ."

ಅಪ್ಪ ತುತ್ತೂರಿಯ ಚೀಲವನ್ನು ಎದೆಗೆ ಅವಚಿಕೊಂಡು ಗಾಡಿ ಹತ್ತಿದ. ರಾಯದುರ್ಗದವರೆಗೆ ಗಾಡಿ, ಅಲ್ಲಿಂದ ರೈಲು.

ಅವರಿಬ್ಬರೂ ಬೆಂಗಳೂರಿನಿಂದ ಮರಳಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಪ್ಪ ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಚೀಲವನ್ನು ಬಿಚ್ಚದೆ ಗೂಟಕ್ಕೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಅಜ್ಜಿ ಓಡಿಬಂದು ಅವನ ಗಲ್ಲ ಹಿಡಿದು ತಿರುಗಿಸಿದಳು. ಮೇಲಿನ ಸಾಲಿನಲ್ಲಿ ಕಿಂಡಿ ಬಿದ್ದಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಳ್ಳುವಷ್ಟರಲ್ಲಿ ಹೊಸಿಲ ಆಚೆಯಿಂದ ಇಮಾಮ್ ಸಾಬರು ಗಟ್ಟಿಯಾಗಿ ಹೇಳಿದರು:

"ಎಲ್ಲಾ ಚೆನ್ನಾಗಾಯ್ತು ಅಮ್ಮಾ. ಊದಿ ಮುಗಿಸಿದ, ಪ್ಲೇಟಿಗೆ ಹತ್ತೈತೆ. ವಾಪಸ್ ಬರುವಾಗ ರೈಲಿನಲ್ಲಿ ಬಿತ್ತು."

ಅಜ್ಜಿ ಹಾಗೆಯೇ ಗೂಡಿನ ಮುಂದೆ ಕುಸಿದು ಕೂತಳು. ಆಮೇಲೆ ಅಳುತ್ತಲೇ ನಕ್ಕಳು. "ನೋಡಿದ್ಯಾ? ಕೆಲಸ ಆಗೋವರ್ಗೂ ಕಾದವ್ಳೆ. ನನ್ನ ತಾಯಿ!" ಎಂದು ನೀರು ತರಲು, ದೇವಿಗೆ ಅಭಿಷೇಕ ಮಾಡಲು ಬಾವಿಗೆ ಹೋದಳು. ಅವಳು ಬೀದಿ ತಿರುಗುವವರೆಗೂ ಇಮಾಮ್ ಸಾಬರು ಕಾದರು. ಆಮೇಲೆ ಅವ್ವನಿಗೆ ನಿಜ ಹೇಳಿದರು. ನಾನು ರಾಟೆಯ ಪಕ್ಕದಲ್ಲೇ ಇದ್ದೆ. ಕೂಸೆಂದು ಯಾರೂ ನನ್ನನ್ನು ಆಚೆಗೆ ಕಳಿಸಲಿಲ್ಲ.

ಅಲ್ಲಿ ಒಂದು ಕೋಣೆಯಂತೆ, ಗೋಡೆಯಿಂದ ಒಂದು ದೊಡ್ಡ ತಗಡಿನ ಕಹಳೆ ಹೊರಗೆ ಬಂದಿತ್ತಂತೆ. ಅದು ಊದುವ ಕಹಳೆಯಲ್ಲ, ಕೇಳುವ ಕಹಳೆ. ಹಾಡುವವನು ಅದರ ಬಾಯಿಗೆ ಬಾಯಿಟ್ಟು ನಿಲ್ಲಬೇಕು. ತುತ್ತೂರಿಯ ದನಿ ಜೋರೆಂದು ಅಪ್ಪನನ್ನು ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ನಿಲ್ಲಿಸಿದರು. ದೊರೆ ಕೈ ಎತ್ತಿದರೆ ಸುಮ್ಮನಿರಬೇಕು, ಕೈ ಇಳಿಸಿದರೆ ಊದಬೇಕು, ಅಷ್ಟರಲ್ಲಿ ಗೋಡೆಯ ಆಚೆ ಮೇಣದ ತಟ್ಟೆ ತಿರುಗತೊಡಗುತ್ತದೆ. ಇಮಾಮ್ ಸಾಬರು ಬೆಳಿಗ್ಗೆಯೇ ಹಲ್ಲನ್ನು ಕಟ್ಟಿದ್ದರು, ಅವ್ವ ಹೇಳಿಕೊಟ್ಟ ಹಾಗೆಯೇ. ಇನ್ನೇನು ದೊರೆ ಕೈ ಎತ್ತಬೇಕು ಎನ್ನುವಾಗ ಅಪ್ಪ ಗುಂಡಿಗಳಿಂದ ಬೆರಳು ತೆಗೆದನಂತೆ.

"ನಾನು ಕೈ ಹಿಡಿದೆ ಭಾಬಿ. ಇವತ್ತು ಒಂದು ದಿನ ಬಿಡೋ, ಖುದಾ ಏನೂ ಅಂದ್ಕೊಳ್ಳಲ್ಲ ಅಂದೆ. ಅವನು ಏನಂದ ಗೊತ್ತಾ? ಮನೆಗೆ ಹೋದ ಮೇಲೆ ನನ್ನ ಹೆತ್ತವ್ವ ಕೇಳ್ತಾಳೆ, ಊದಿದ್ಯಾ ಅಂತ. ಅವ್ವನ ಮುಂದೆ ನನಗೆ ಸುಳ್ಳು ಹೇಳೋಕೆ ಬರಲ್ಲ ಅಂದ."

ಬಾಗಿಲ ಕಡೆ ತಿರುಗಿ, ಎದೆಗೆ ಕೈ ಒತ್ತಿಕೊಂಡು ಊದಿದ. ಆ ದನಿಗೆ ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಅಂಥ ದೇವರ ಉಸಿರನ್ನು ತಾವು ಅದುವರೆಗೆ ಕೇಳಿಲ್ಲವೆಂದು ಇಮಾಮ್ ಸಾಬರು ಹೇಳಿದರು. ಉಸಿರು ಮುಗಿಯುವ ಮುಂಚೆ ಅದು ನಡುವೆ ಹರಿಯಿತು. ತುತ್ತೂರಿಯ ಬಾಯಿಯಲ್ಲಿ ರಕ್ತ, ಅಂಗೈಯಲ್ಲಿ ಹಲ್ಲು, ಹಲ್ಲಿಗೆ ಇನ್ನೂ ಸುತ್ತಿಕೊಂಡಿದ್ದ ರೇಷ್ಮೆ. ಯಂತ್ರ ಅಷ್ಟು ಹೊತ್ತಿಗೆ ತಿರುಗಿರಲೇ ಇಲ್ಲ. ದೊರೆ ಏನೋ ಕೂಗಿದ, ಅಪ್ಪ ಬಾಯಿ ಒರೆಸಿಕೊಂಡು ಹಾಡಿನ ಮಟ್ಟಿಗೆ ತುಟಿ ಇಟ್ಟ. ಬರೀ ಗಾಳಿ ಬಂತು. ಮತ್ತೆ ಇಟ್ಟ. ಮತ್ತೆ ಗಾಳಿ. ಕಂಪನಿಯ ಯಜಮಾನರು ಅವನನ್ನು ತೋಳು ಹಿಡಿದು ಹೊರಗೆ ಕೂರಿಸಿದರು. ಆ ಮಟ್ಟನ್ನು ಕ್ಲಾರಿನೆಟ್ಟಿನಲ್ಲಿ ನುಡಿಸು ಎಂದು ಇಮಾಮ್ ಸಾಬರಿಗೆ ಹೇಳಿದರು.

"ನುಡಿಸಿದೆ ಭಾಬಿ," ಎಂದು ಇಮಾಮ್ ಸಾಬರು ತಲೆ ತಗ್ಗಿಸಿದರು. "ನುಡಿಸದೆ ಏನು ಮಾಡ್ಲಿ?"

ಅವ್ವ ಅಳಲಿಲ್ಲ. ಒಳಗೆ ಮಲಗಿದ್ದವನ ಬೆನ್ನನ್ನು ನೋಡಿ, ರಾಟೆಗೆ ಕೈ ಹಾಕಿ ತಿರುಗಿಸತೊಡಗಿದಳು. ಇನ್ನು ಮೇಲೆ ಅದೇ ಎಲ್ಲ ಎಂದು ಅವಳಿಗೆ ತಿಳಿದಿತ್ತು.

ಕಂಪನಿ ಮತ್ತೆ ಕರೆಯಲಿಲ್ಲ. ಬಳ್ಳಾರಿಯಿಂದ ಒಬ್ಬ ಹೊಸಬನನ್ನು ತಂದರು. ಅಪ್ಪ ತುಟಿಯ ಒಂದು ಮಗ್ಗುಲಿನಿಂದ ಊದಿ ನೋಡಿದ, ಕಿಂಡಿಗೆ ಮೇಣ ಮೆತ್ತಿ ನೋಡಿದ. ಸ್ವರ ಹುಟ್ಟುವುದು, ಎರಡು ಹೆಜ್ಜೆ ನಡೆಯುವುದು, ಮುಗ್ಗರಿಸುವುದು. ಬೆಳಗಿನ ದೇವರ ಉಸಿರಿನ ಬದಲು ಗೂಡಿನ ಮುಂದೆ ಸುಮ್ಮನೆ ನಿಂತು ಕೈಮುಗಿಯತೊಡಗಿದ. ಮದುವೆಯ ಮೆರವಣಿಗೆಗಳಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಪಂಜು ಹಿಡಿಯಲು ಹೋಗುತ್ತಿದ್ದ. ಇನ್ಯಾರೋ ಊದುವ ತುತ್ತೂರಿಯ ಮುಂದೆ ಪಂಜು ಎತ್ತಿ ಹಿಡಿದು ಅಪ್ಪ ನಡೆಯುವುದನ್ನು ನಾನು ಒಮ್ಮೆ ಕಂಡೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವನಿಗೆ ಹಾಗೇನೂ ಇರಲಿಲ್ಲವೆಂದು ಕಾಣುತ್ತದೆ, ಕಿವಿಯನ್ನು ಹಿಂದಕ್ಕೆ ಕೊಟ್ಟು ನಡೆಯುತ್ತಿದ್ದ. ಮನೆಯಲ್ಲಿ ಮಾತ್ರ ಅಜ್ಜಿ ಗೆದ್ದವಳ ಹಾಗೆ ಇದ್ದಳು. ಮಗನ ದನಿ ಪ್ಲೇಟಿನಲ್ಲಿದೆ, ಅದಕ್ಕಾಗಿ ದೇವಿ ಕಾದಳು ಎಂದು ಬಾವಿಕಟ್ಟೆ, ಮಗ್ಗದ ಮನೆ, ಸಂತೆ ಎಲ್ಲೆಲ್ಲೂ ಹೇಳಿಕೊಂಡು ಬಂದಳು. ಅವಳಿಗೆ ನಿಜ ಹೇಳಬೇಕೆಂದು ನಮಗೆ ಮೂವರಿಗೂ ಅನ್ನಿಸುತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ.

ಆಮೇಲೆ ಆ ಪ್ಲೇಟು ಚಳ್ಳಕೆರೆಗೆ ಬಂತು. ಕಂಬಳಿ ವ್ಯಾಪಾರದ ಒಬ್ಬ ಸಾಹುಕಾರರ ಮನೆಯಲ್ಲಿ ಗ್ರಾಮಫೋನು ಇತ್ತು, ಅವರು ತರಿಸಿಕೊಂಡಿದ್ದರು. ಸುದ್ದಿ ಅಜ್ಜಿಯ ಕಿವಿಗೆ ಬೀಳದೆ ಇರಲು ಸಾಧ್ಯವೇ? ಕೇಳಿಯೇ ಕೇಳಬೇಕೆಂದಳು. ದಾರಿ ದೂರ, ಬಿಸಿಲು, ನಿನಗೆ ಆಗುವುದಿಲ್ಲ ಎಂದು ಅಪ್ಪ ಹೇಳಿದ. ಅವಳು ಎರಡು ದಿನ ಅನ್ನ ಮುಟ್ಟಲಿಲ್ಲ. ಕೊನೆಗೆ ಕಂಬಳಿ ಸಂತೆಗೆ ಹೋಗುವ ಗಾಡಿಯಲ್ಲಿ ನಾಲ್ವರೂ ಹೊರಟೆವು. ದಾರಿಯುದ್ದಕ್ಕೂ ಅಜ್ಜಿಯ ಕಿವಿ ಮಂದವಾಗಿದೆ, ತುತ್ತೂರಿಯೋ ಕ್ಲಾರಿನೆಟ್ಟೋ ಅವಳಿಗೆ ಗೊತ್ತಾಗಲಿಕ್ಕಿಲ್ಲ ಎಂದು ಅವ್ವ ನನಗೆ ಹೇಳುತ್ತಿದ್ದಳು. ತನಗೇ ಹೇಳಿಕೊಳ್ಳುತ್ತಿದ್ದಳು.

ಸಾಹುಕಾರರು ಒಳ್ಳೆಯವರು. ಜಗಲಿಯ ಮೇಲೆ ಯಂತ್ರವನ್ನು ತಂದಿಟ್ಟು, ಅಜ್ಜಿಗೆ ಮಣೆ ಹಾಕಿಸಿದರು. ಕೀಲಿ ಕೊಟ್ಟು ಮುಳ್ಳು ಇಟ್ಟರು. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು. ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು, ಕೈಮುಗಿದು ಕೂತಳು, ದೇವರ ಉಸಿರು ಬರಲಿ ಎಂದು. ಅದು ಬರಲಿಲ್ಲ. ರಾಜನ ಮಟ್ಟು ಬಂತು, ಇಮಾಮ್ ಸಾಬರ ಕ್ಲಾರಿನೆಟ್ಟಿನಲ್ಲಿ, ತೆಳ್ಳಗೆ, ಮೂಗಿನಿಂದ ಹಾಡಿದಂತೆ. ಹಿಂದೆಯೇ ರಾಜ ಹಾಡಿದ. ಹಾಡು ಮುಗಿಯಿತು. ಸಾಹುಕಾರರು "ಇನ್ನೊಂದ್ಸಲ ಹಾಕ್ಲಾ ಅಜ್ಜಿ?" ಎಂದರು. ಅಜ್ಜಿ ಬೇಡವೆಂದು ಕೈ ಆಡಿಸಿದಳು. ಕಿವಿ ಮಂದವಾದರೂ ಇದು ಹೆತ್ತ ಮಗನ ಉಸಿರಲ್ಲವೆಂದು ಅವಳಿಗೆ ಗೊತ್ತಿತ್ತು. ಜಗಲಿ ಇಳಿದು ಬೇವಿನ ಮರದ ನೆರಳಿಗೆ ಬಂದಮೇಲೆ ಅಪ್ಪನ ಎದುರು ನಿಂತಳು.

"ಇದು ಸಾಬರ ಪೀಪಿ. ನಿಂದಲ್ಲ."

"ಹೂಂ ಅವ್ವ."

"ಹಲ್ಲು ಅಲ್ಲೇ ಬಿತ್ತಾ?"

"ಅಲ್ಲೇ."

ಅವಳು ಅವನ ಎರಡೂ ತೋಳು ಹಿಡಿದಳು. "ಓಬಳಾ, ನನ್ನ ಮುಖ ನೋಡಿ ಹೇಳು. ಅವಳಿಗೆ ಮೊದ್ಲು ಊದಿದ್ಯಾ, ಇಲ್ವಾ?"

ಅವ್ವ ಬಾಯಿ ತೆರೆದಳು. ಅಪ್ಪ ಅವಳ ಕಡೆ ಒಮ್ಮೆ ನೋಡಿದ, ಅವಳು ಹಾಗೇ ನಿಂತಳು. ಊದಿದೆ ಎಂದರೆ, ತನ್ನ ಉಸಿರು ತನಗೆ ಸಲ್ಲುತ್ತಿರುವಾಗಲೇ ದೇವಿ ಹಲ್ಲು ಕಿತ್ತುಕೊಂಡಳು ಎಂದಾಗುತ್ತದೆ. ಅದನ್ನು ಕೇಳಿ ಅಜ್ಜಿ ಮನೆಗೆ ಹೋಗಿ ಆ ಗೂಡಿನ ಮುಂದೆ ಹೇಗೆ ಕೂರಬೇಕು? ಇಷ್ಟು ನನಗೆ ಆಗ ಹೊಳೆಯಲಿಲ್ಲ, ಅಪ್ಪನಿಗೆ ಹೊಳೆಯಿತು.

"ಊದ್ಲಿಲ್ಲವ್ವ," ಎಂದ ಅಪ್ಪ. "ಅವಸರದಾಗೆ ಮರ್ತೆ."

ಅಜ್ಜಿ ಅವನ ಕೆನ್ನೆಗೆ ಹೊಡೆದಳು, ಬೆಳೆದ ಮಗನಿಗೆ, ಚಳ್ಳಕೆರೆಯ ಬೀದಿಯಲ್ಲಿ. ಆಮೇಲೆ ಅಲ್ಲೇ ಕೂತು ಅತ್ತಳು. ಆದರೆ ಆ ಅಳುವಿನಲ್ಲಿ ಒಂದು ನೆಮ್ಮದಿಯಿತ್ತು, ಲೆಕ್ಕ ಸರಿಹೋದವರ ನೆಮ್ಮದಿ. ನನ್ನ ಮಗನದು ತಪ್ಪು, ದೇವಿಯದಲ್ಲ. ಅಂದಿನಿಂದ ಅವಳು ಮಗನ ತಪ್ಪಿಗಾಗಿ ಸಂಜೆಯ ಊಟ ಬಿಟ್ಟಳು. ನಾವು ಮೂವರೂ ಅವಳೆದುರು ಕೂತು ಉಣ್ಣುತ್ತಿದ್ದೆವು, ಅವಳು ಗೂಡಿನ ಕಡೆ ತಿರುಗಿ ಕೂತಿರುತ್ತಿದ್ದಳು. ಅಪ್ಪ ನಿಜದ ಒಂದು ಮಾತು ಹೇಳಿದ್ದರೆ ಅವಳು ಉಣ್ಣುತ್ತಿದ್ದಳು. ವರ್ಷಗಟ್ಟಲೆ ಆ ಮಾತನ್ನು ಅವನು ಅನ್ನದ ಜೊತೆ ನುಂಗಿದ. ದೇವರೆದುರು ನಾನು ಇವತ್ತಿಗೂ ಕೈಮುಗಿಯುತ್ತೇನೆ, ಏನನ್ನೂ ಕೇಳುವುದಿಲ್ಲ. ಕೇಳಬಾರದೆಂದು ಕಲಿತದ್ದು ಆ ಊಟಗಳಲ್ಲಿ.

ಅಜ್ಜಿ ಬಳಲಿ ಬಳಲಿ ಒಂದು ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ಕೊನೆಯ ದಿನ ಅಪ್ಪನನ್ನು ಹತ್ತಿರ ಕರೆದು ಅವನ ತಲೆಯ ಮೇಲೆ ಕೈಯಿಟ್ಟಳು.

"ದಿನಾ ಬೇಡ್ಕಂಡೀನಿ ಕಣಪ್ಪಾ. ನಿನ್ನ ತಪ್ಪು ಮನ್ನಿಸ್ತಾಳೆ."

"ಆಗ್ಲವ್ವ," ಎಂದ ಅಪ್ಪ.